ಗಡಿಯಾರಕ್ಕೆ ಇಟ್ಟ ಟಿಕಳಿ

ಸಂಜೆಯ ಹೊತ್ತಿಗೆ ಸೈಬರ್ ಅಕ್ಕನ ಹಣೆಯ ಮೇಲೆ ಟಿಕಳಿ ಇರುತ್ತಿರಲಿಲ್ಲ. ಹೊಸಪೇಟೆಯ ಬಿಸಿಲಿಗೆ ಕಂದಿದ ಆ ಅಗಲ ಹಣೆಯ ನಡುವೆ ಟಿಕಳಿ ಇದ್ದ ಜಾಗ ಮಾತ್ರ ಬಟಾಣಿ ಕಾಳಿನಷ್ಟು ಬೆಳ್ಳಗೆ ಕಾಣುತ್ತಿತ್ತು. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗಟ್ಟಿಮುಟ್ಟಾಗಿ ಶಿಫ್ಟ್ ಮಾಡುತ್ತಿರುವಾಗ ಹೆಂಡತಿ ಬೋಳು ಹಣೆಯಲ್ಲಿ ಕೂತರೆ ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? "ಟಿಕಳಿ ಎಲ್ಲಿ ಹೋತವ್ವ?" ಎಂದು ಕೇಳಿಯೇ ಕೇಳುತ್ತಿದ್ದರು. "ಎಲ್ಲೂ ಹೋಗಿಲ್ರಿ, ಕಂಪ್ಯೂಟರಿಗೆ ಇಟ್ಟೀನಿ" ಎಂದು ಅಕ್ಕ ನಗುತ್ತಿದ್ದರು. ಅವರೆಲ್ಲ ಅದನ್ನು ತಮಾಷೆ ಅಂದುಕೊಂಡಿದ್ದರು. ಅದು ನಿಜ ಎಂದು ಅಕ್ಕ ನಡೆಸುತ್ತಿದ್ದ ಸೈಬರ್ ಸೆಂಟರಿನ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ನನಗೆ ಗೊತ್ತಿತ್ತು.

ಅದು ಅದಿರಿನ ಕಾಲ. ಸಂಡೂರಿನ ಕಡೆಯಿಂದ ಬಂದ ಲಾರಿಗಳು ಹಗಲು ರಾತ್ರಿ ಎನ್ನದೆ ಊರು ದಾಟುತ್ತಿದ್ದವು. ಟ್ರಿಪ್ಪಿನ ಮೇಲೆ ದುಡಿಮೆ, ಹಾಗಾಗಿ ಎಲ್ಲರಿಗೂ ಅವಸರ. ಆ ಅವಸರ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯೊಳಗೂ ಬಂದು ಕೂತಿತ್ತು. ಎರಡನೇ ಕ್ಲಾಸಿನ ನಮ್ಮನ್ನು ಮೇಡಂ ಒಬ್ಬೊಬ್ಬರಾಗಿ ನಿಲ್ಲಿಸಿ, ಕೈಗಡಿಯಾರ ನೋಡುತ್ತ ಮಗ್ಗಿ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಅವ್ವನ ಮುಂದೆ ಸರಾಗವಾಗಿ ಬರುತ್ತಿದ್ದ ಮಗ್ಗಿ ಆ ಗಡಿಯಾರ ಕಂಡೊಡನೆ ಗಂಟಲಲ್ಲೇ ಉಳಿಯುತ್ತಿತ್ತು. ಪರೀಕ್ಷೆಯಲ್ಲೂ ಹೀಗೇ ಬಾಯಿ ಬಿಡದಿದ್ದರೆ ಇನ್ನೊಂದು ವರ್ಷ ಅದೇ ಕ್ಲಾಸು ಎಂದು ಅಪ್ಪನನ್ನು ಕರೆಸಿ ಹೇಳಿದರು. ಗೆಳತಿಯರೆಲ್ಲ ಮೂರಕ್ಕೆ ಹೋಗಿ ನಾನೊಬ್ಬಳೇ ಚಿಕ್ಕವರ ಜೊತೆ ಉಳಿಯುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಅಪ್ಪ ಲಾರಿಯ ಕಾಗದ ಪ್ರಿಂಟ್ ಮಾಡಿಸಲು ಸೈಬರ್ ಸೆಂಟರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಅಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಬೋರ್ಡಿನ ಕೆಂಪು ಧೂಳು ತೆಗೆಯುತ್ತಿದ್ದರು. "ಲೆಕ್ಕ ಅಂದ್ರ ಇಕಿಗೆ ಜ್ವರ ಬರ್ತಾವ್ರಿ" ಎಂದು ಅಪ್ಪ ನನ್ನೆದುರಿಗೇ ಅಂದುಬಿಟ್ಟರು. ಅಕ್ಕ ಬ್ರಷ್ಷು ಕೆಳಗಿಟ್ಟರು. "ಸಾಲಿ ಬಿಟ್ಟ ಮ್ಯಾಲೆ ಇಲ್ಲೇ ಬಿಟ್ಟು ಹೋಗ್ರಿ. ನನಗ ಇಂಥಾಕಿ ಒಬ್ಬಾಕಿ ಬೇಕಾಗಿತ್ತು" ಅಂದರು.

ಕಾರು ಓಡಿಸುವ ಆಟಕ್ಕೆಂದು ಬರುತ್ತಿದ್ದ ಸಣ್ಣ ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಲೆಕ್ಕದ ಆಟಗಳನ್ನು ಹುಡುಕಿಡುವುದು ಅಕ್ಕನ ಹುಚ್ಚು. ಹುಡುಕುವ ರೀತಿಯೂ ಅವರದೇ. ಯಾವ ಆಟ ತೆರೆದರೂ ಮೊದಲು ಬೇಕಂತಲೇ ತಪ್ಪು ಉತ್ತರ ಒತ್ತುತ್ತಿದ್ದರು. "ಸರಿ ಹೇಳಿದಾಗ ಎಲ್ಲಾರೂ ಛಲೋ ಇರ್ತಾರ. ತಪ್ಪಿದಾಗ ಹೆಂಗ ಮಾತಾಡ್ತೈತಿ ನೋಡಬೇಕು. ಗಂಡು ನೋಡಾಕ ಹೋದಾಗೂ ಹಂಗ" ಅನ್ನುತ್ತಿದ್ದರು. ಕರ್ರೆಂದು ಸದ್ದು ಮಾಡಿದ ಆಟ, ಅಳುವ ಮುಖ ತೋರಿಸಿದ ಆಟ ಅಲ್ಲಿಗೇ ಬಂದ್. ಆಟ ಒಳ್ಳೆಯದಾಗಿದ್ದು ಮೂಲೆಯಲ್ಲಿ ಗಡಿಯಾರ ಓಡುತ್ತಿದ್ದರೆ ಮಾತ್ರ ಹಣೆಯ ಟಿಕಳಿ ಕಿತ್ತು ಪರದೆಯ ಮೇಲೆ ಅದಕ್ಕೆ ಅಂಟಿಸುತ್ತಿದ್ದರು.

"ಇದರ ಕಣ್ಣು ಮುಚ್ಚೀನಿ. ಇನ್ನ ನಿನ್ನ ನೋಡಂಗಿಲ್ಲ."

ಹೊತ್ತು ಮೀರಿ ಆಟ ತಾನೇ ನಿಂತುಬಿಟ್ಟರೆ, "ಅದಕ್ಕ ದಣಿವಾತು, ಪಾಪ" ಎಂದು ಮತ್ತೆ ತೆರೆದು ಕೊಡುತ್ತಿದ್ದರು. ಪುಟ ತೆರೆಯಲು ಯುಗ ಹಿಡಿಯುತ್ತಿದ್ದ ಕಾಲ. "ತಡಿ, ಲೋಡ್ ಆಗಾಕತ್ತೈತಿ" ಎಂದರೆ ಪ್ರಿಂಟಿಗೆ ಕಾದಿದ್ದ ಲಾರಿಯವರಿಗೆ ನಗು. "ಎಲ್ಲಿಗ್ರೀ ಅಕ್ಕಾರ ಲೋಡು?" ಎಂದು ಒಬ್ಬ ಕೇಳಿದ. "ಎರಡನೇ ಕ್ಲಾಸಿನಿಂದ ಮೂರನೇ ಕ್ಲಾಸಿಗೆ" ಅಂದರು ಅಕ್ಕ. ತಾವು ಮಾತ್ರ ನಗಲಿಲ್ಲ.

ಒಂದು ದಿನ ಆಟ ಪರೀಕ್ಷಿಸುವ ಆ ಕೆಲಸವನ್ನು ನನಗೇ ಒಪ್ಪಿಸಿದರು. "ತಪ್ಪು ಉತ್ತರ ಕೊಡು. ಬೈತೈತೇನು ನೋಡು." ಅಲ್ಲಿಯವರೆಗೆ ತಪ್ಪು ಮಾಡಲು ನನಗೆ ಯಾರೂ ಹೇಳಿರಲಿಲ್ಲ, ಖುಷಿಯಿಂದ ಕೂತೆ. ಆದರೆ ಬೇಕಂತಲೇ ತಪ್ಪು ಒತ್ತಬೇಕೆಂದರೆ ಸರಿ ಯಾವುದೆಂದು ಮೊದಲು ಗೊತ್ತಿರಬೇಕಲ್ಲ. ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡು, ಬಂದ ಉತ್ತರ ಬಿಟ್ಟು ಪಕ್ಕದ್ದನ್ನು ಒತ್ತುತ್ತಿದ್ದೆ. ಮರೆತು ಸರಿಯಾದದ್ದನ್ನೇ ಒತ್ತಿದರೆ, "ಏ, ಸರಿ ಒತ್ತಿಬಿಟ್ಟೆಲ್ಲಲೇ, ಕೆಲಸ ಕೆಡಿಸಿದಿ" ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದರು. ಆಮೇಲಾಮೇಲೆ ನಾನು ಆ ಕೆಲಸವನ್ನು ಬಹಳ ಸಲ ಕೆಡಿಸಿದೆ.

ಪರೀಕ್ಷೆಯ ದಿನ ಮೇಡಂ ಗಡಿಯಾರ ನೋಡುತ್ತ ಆರು ಏಳಲಿ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆ ಗಡಿಯಾರದ ಮೇಲೊಂದು ಟಿಕಳಿ ಇದೆ ಅಂದುಕೊಂಡೆ. "ಫಾರ್ಟಿ ಒನ್ ಅಲ್ಲ ಮಿಸ್" ಎಂದಿತು ಬಾಯಿ. ಕ್ಲಾಸೆಲ್ಲ ಘೊಳ್ಳೆಂದಿತು. "ಫಾರ್ಟಿ ಟು" ಎಂದು ಸೇರಿಸಿದೆ. ಮೇಡಂ ಕೂಡ ನಕ್ಕರು, ಗಡಿಯಾರ ಮರೆತು ಉಳಿದದ್ದನ್ನು ಕೇಳಿದರು. ಎಲ್ಲವೂ ಬಂತು.

ಫಲಿತಾಂಶ ಹೇಳಲು ಸೆಂಟರಿಗೆ ಓಡಿದೆ. ಅಕ್ಕ ಕುರ್ಚಿಯಿಂದ ಎದ್ದು, ಕಾದಿದ್ದ ಲಾರಿಯವರಿಗೆಲ್ಲ ಕೇಳುವಂತೆ ಹೇಳಿದರು: "ನಮ್ಮ ಲೋಡು ಮುಟ್ಟಿತ್ರೀ." ನನ್ನ ಬದುಕಿನಲ್ಲಿ ಆಮೇಲೆ ಎಷ್ಟೋ ಹೊಗಳಿಕೆ ಕೇಳಿದ್ದೇನೆ. ಯಾವುದೂ ಈ ಮಾತಿಗೆ ಸಮ ಬಂದಿಲ್ಲ.

ಅದಿರಿನ ಲಾರಿಗಳು ನಿಂತವು, ಮೊಬೈಲು ಬಂತು, ಸೈಬರ್ ಸೆಂಟರ್ ಝೆರಾಕ್ಸ್ ಅಂಗಡಿಯಾಯಿತು. ಅಕ್ಕ ಕಾಯಿಲೆ ಬಿದ್ದು ಹೆಚ್ಚು ದಿನ ನರಳದೆ ಹೋದರು. ಮುತ್ತೈದೆ ಸಾವು ಎಂದು ಹೆಂಗಸರು ಹಣೆ ತುಂಬ ಕುಂಕುಮ ಹಚ್ಚಿದ್ದರು. ಸಂಜೆಯ ಹೊತ್ತಿನಲ್ಲಿ ಆ ಹಣೆ ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಡೆಯಲಾಗದೆ ಅತ್ತೆ.

ಈಗ ನಾನು ಕಂಪ್ಲಿಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಶಾಲೆಯ ಟ್ಯಾಬಿನಲ್ಲಿ ಹೊಸ ಆಟ ತೆರೆದರೆ ಮೊದಲು ತಪ್ಪು ಒತ್ತುವುದು ಮಕ್ಕಳ ಕೆಲಸ. ಅದಕ್ಕಾಗಿ ಜಗಳವೇ ಆಗುತ್ತದೆ. ಸಂಜೆ ಮನೆಗೆ ಬಂದರೆ ನಮ್ಮತ್ತೆಯವರು ಬಾಗಿಲಲ್ಲೇ ತಡೆಯುತ್ತಾರೆ. "ಇವತ್ತೂ ಬೋಳು ಹಣಿ ಮಾಡ್ಕೊಂಡು ಬಂದೀಯಲ್ಲವ್ವ, ಟಿಕಳಿ ಎಲ್ಲಿ?"

"ಸಾಲ್ಯಾಗ ಐತ್ರಿ ಅತ್ತಿ" ಅನ್ನುತ್ತೇನೆ. "ಕೆಲಸದ ಮ್ಯಾಲೈತಿ."