ಸೆಲ್ಲಾರಿನ ಆಡು ಮತ್ತು ಹತ್ತು ಸಾವಿರ ವರ್ಷದ ಕಾನೂನು

ಕಳೆದ ಭಾನುವಾರ ನಾನು ಒಂದು ಆಡಿನ ಪರವಾಗಿ ವಾದ ಮಾಡಿದೆ. ವಾದ ಎಷ್ಟು ಸೊಗಸಾಗಿತ್ತೆಂದರೆ, ಮುಗಿಯುವ ಹೊತ್ತಿಗೆ ನನ್ನ ಕಕ್ಷಿದಾರ ಬಿರಿಯಾನಿ ಆಗುವುದೊಂದೇ ಬಾಕಿ ಇತ್ತು.

ನಗಬೇಡಿ. ಒಬ್ಬ ಹೆಣ್ಣುಮಗಳ ಇಡೀ ಆಸ್ತಿಯ ಪ್ರಶ್ನೆ ಅದು.

ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ದಂಪತಿ ಯಾದಗಿರಿ ಕಡೆಯವರು. ಗಂಡ ಗೇಟಿನಲ್ಲಿ ಕೂರುತ್ತಾನೆ. ಉಳಿದ ಕೆಲಸವನ್ನೆಲ್ಲ ಹೆಂಡತಿ ಶರಣಮ್ಮ ಮಾಡುತ್ತಾಳೆ. (ಈ ಪದ್ಧತಿ ವಾಚ್‌ಮನ್‌ಗಳ ಮನೆಯಲ್ಲಿ ಮಾತ್ರ ಇದೆ ಎಂದು ನಾನು ಹೇಳಿಲ್ಲ.) ಕಳೆದ ವರ್ಷ ಆಕೆ ಚೊಚ್ಚಲ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ತವರಿನಿಂದ ಬಂದಾಗ, ಹಿಂದೆಯೇ ಟೆಂಪೋದಲ್ಲಿ ಒಂದು ಕರಿ ಆಡೂ ಬಂತು. ಹೆತ್ತ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಅವರ ಮನೆತನದ ರೂಢಿ. ಆ ಆಡು ಗಂಡನದಲ್ಲ, ಅತ್ತೆಯದಲ್ಲ. ಮೂಗುಬೊಟ್ಟು ಬಿಟ್ಟರೆ ಶರಣಮ್ಮ 'ನಂದು' ಎನ್ನಬಹುದಾದದ್ದು ಅದೊಂದೇ.

ಅನಾಹುತ ಆದದ್ದು ಮಂಗಳವಾರ. ಅಸೋಸಿಯೇಷನ್ನಿನ ಸೆಕ್ರೆಟರಿ ರೆಡ್ಡಿಗಾರು ಬೆಳಿಗ್ಗೆ ಸೆಲ್ಲಾರಿಗೆ ಇಳಿದು (ಬೇರೆ ಊರಿನವರು ಬೇಸ್‌ಮೆಂಟ್ ಎನ್ನುತ್ತಾರೆ) ನೋಡುತ್ತಾರೆ, ಅವರ ಹೊಸ ಕಾರಿನ ನೆತ್ತಿಯ ಮೇಲೆ ನಾಲ್ಕೂ ಕಾಲು ಊರಿ ಆಡು ನಿಂತಿದೆ. ಅದೂ ಎಂಥ ಗಾಂಭೀರ್ಯ! ಧ್ವಜಾರೋಹಣಕ್ಕೆ ಬಂದ ಮುಖ್ಯ ಅತಿಥಿಯ ಹಾಗೆ.

ತೀರ್ಪು ಅಲ್ಲೇ ಹೊರಬಿತ್ತು. ಭಾನುವಾರ ಮೀಟಿಂಗಿನಲ್ಲಿ ಠರಾವು, ಸೋಮವಾರ ಆಡು ಗೇಟಿನಾಚೆ.

ಅಂದು ಸಂಜೆಯೇ ಶರಣಮ್ಮ ನಮ್ಮ ಬಾಗಿಲಿಗೆ ಬಂದಳು.

"ಕಾಕಾರ, ನೀವು ದನದ ಇಲಾಖೆದಾಗ ದೊಡ್ಡ ಸಾಹೇಬ್ರ ಇದ್ರಂತಲ್ರಿ. ನಿಮ್ಮ ಮಾತು ಕೇಳ್ತಾರ. ಊರಿಗೆ ಕಳಿಸಿದ್ರ ನಮ್ಮತ್ತಿ ವಾರದಾಗ ಮಾರಿ ಕೈ ತೊಳ್ಕೋತಾಳ್ರಿ."

ಇಲ್ಲೊಂದು ಗುಟ್ಟು ಹೇಳಬೇಕು. ಪಶುಸಂಗೋಪನಾ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಇದ್ದದ್ದು ನಿಜ. ಆದರೆ ಇದ್ದದ್ದು ಕುರ್ಚಿಯಲ್ಲಿ. ದನ, ಎಮ್ಮೆ, ಕುರಿ, ಕೋಳಿ ಎಲ್ಲವೂ ನನ್ನ ಟೇಬಲ್ಲಿಗೆ ಮೂರು ಪ್ರತಿಯಲ್ಲಿ ಬಂದು, ಸಹಿ ಮಾಡಿಸಿಕೊಂಡು, ಸಭ್ಯವಾಗಿ ಹೊರಟು ಹೋಗುತ್ತಿದ್ದವು. ಒಂದೂ ಒದೆಯಲಿಲ್ಲ. ಬಾಲ ಮೇಲಿದ್ದರೆ ಆಡು, ಕೆಳಗಿದ್ದರೆ ಕುರಿ ಎಂಬುದನ್ನೂ ನಾನು ತಿಳಿದದ್ದು ಫೈಲಿನಿಂದಲೇ.

ಆದರೂ ಒಪ್ಪಿಕೊಂಡೆ. ನಿವೃತ್ತನಿಗೆ "ನಿಮ್ಮ ಮಾತು ಕೇಳ್ತಾರ" ಅಂದರೆ ಸಾಕು, ಬೆಟ್ಟ ಅಗೆಯಲೂ ಹೊರಡುತ್ತಾನೆ.

ಮೂರು ಸಂಜೆ ಓದಿದೆ. ಟಿಪ್ಪಣಿ ಮಾಡಿದೆ. ಭಾನುವಾರ ಹನ್ನೊಂದಕ್ಕೆ ಸೆಲ್ಲಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸೇರಿದವು. ಮೇಲಿನ ನಾಲ್ಕೂ ಮಹಡಿಗಳಿಂದ ಕುಕ್ಕರಿನ ಸೀಟಿ, ಮಟನ್ ಮಸಾಲೆಯ ಪರಿಮಳ ಇಳಿದು ಬರುತ್ತಿತ್ತು. ಆ ಪರಿಮಳದಲ್ಲಿ ಕೂತು ಸಭಿಕರು, ಆಡು ಇದ್ದರೆ ವಾಸನೆ ಎಂದು ದೂರಿದರು.

ನಾನು ಎದ್ದು ನಿಂತೆ. ನನ್ನ ಸರ್ಕಾರಿ ತೆಲುಗಿನಲ್ಲಿ ಗಂಟಲು ಸರಿಮಾಡಿಕೊಂಡೆ.

"ಮಹನೀಯರೇ, ಆಡು ಕಾರು ಹತ್ತಿದ್ದು ಅಪರಾಧವಲ್ಲ, ವಂಶಗುಣ. ಇದರ ಮುತ್ತಜ್ಜಂದಿರು ಇರಾನಿನ ಕಡೆಯ ಬೆಟ್ಟದವರು. ಇಲ್ಲಿದ್ದ ಬಂಡೆಗಳನ್ನೆಲ್ಲ ಒಡೆದು ನಾವು ಮನೆ ಕಟ್ಟಿಕೊಂಡೆವು. ಈಗ ಈ ಸೆಲ್ಲಾರಿನಲ್ಲಿರುವ ಅತ್ಯುನ್ನತ ಶಿಖರ ಎಂದರೆ ರೆಡ್ಡಿಗಾರ ಕಾರು. ಪಾಪ, ಅದು ಎಲ್ಲಿ ಹತ್ತಬೇಕು?"

ಕೆಲವರು ನಕ್ಕರು. ರೆಡ್ಡಿಗಾರು ನಗಲಿಲ್ಲ.

ಮುಂದುವರಿಸಿದೆ. ಕೋಳಿ ನಮ್ಮ ಕಡೆಯ ಕಾಡಿನದೇ, ಎಮ್ಮೆ ನಮ್ಮದು, ಡುಬ್ಬದ ಎತ್ತೂ ನಮ್ಮದು. ಆದರೆ ಆಡು, ಕುರಿ ಪಶ್ಚಿಮದಿಂದ ನಡೆದು ಬಂದ ಅತಿಥಿಗಳು. ಇರಾನಿ ಚಹಾಕ್ಕೆ ಬೀದಿ ಬೀದಿಯಲ್ಲಿ ಜಾಗ ಕೊಟ್ಟ ಹೈದರಾಬಾದು, ಇರಾನಿ ಆಡಿಗೆ ಒಂದು ಮೂಲೆ ಕೊಡಲಾರದೇ?

ಚಪ್ಪಾಳೆ! ಅಲ್ಲಿಗೇ ಕೂತಿದ್ದರೆ ಗೆದ್ದಿರುತ್ತಿದ್ದೆ. ಆದರೆ ಟಿಪ್ಪಣಿಯಲ್ಲಿ ಇನ್ನೂ ಎರಡು ಹಾಳೆ ಇದ್ದವು. ಬರೆದುಕೊಂಡದ್ದನ್ನು ಓದದೆ ಬಿಡುವ ಗುಮಾಸ್ತನನ್ನು ಯಾರಾದರೂ ಕಂಡಿದ್ದೀರಾ?

ಎರಡನೆಯ ಹಾಳೆ 'ಮಾನವನ ಆಹಾರದಲ್ಲಿ ಆಡಿನ ಸ್ಥಾನ'. ಮನುಷ್ಯ ಹತ್ತು ಸಾವಿರ ವರ್ಷಗಳ ಹಿಂದೆ ಅದನ್ನು ಕಟ್ಟಿ ಹಾಕಿದ್ದು ಮೊದಲು ಮಾಂಸಕ್ಕಾಗಿ. ಹಾಲಿನ ಯೋಚನೆ ಆಮೇಲಿನದು; ದೊಡ್ಡವರ ಹೊಟ್ಟೆಗೆ ಅದು ಒಗ್ಗಿದ್ದು ಇನ್ನೂ ಆಮೇಲೆ. (ಮೊಸರನ್ನದ ನನ್ನಂಥವರು ಈ ಪಂಕ್ತಿಗೆ ತೀರಾ ತಡವಾಗಿ ಬಂದವರು. ಬಂದ ಮೇಲೆ ಮೊದಲೇ ಕೂತವರಿಗೆ ನೀತಿ ಹೇಳುವವರು.) ಬೇಟೆಗೆ ಅಲೆಯುವುದು ತಪ್ಪಿತು, ಅಡುಗೆಮನೆ ಪಕ್ಕದಲ್ಲೇ ಊಟ ನಿಂತಿರತೊಡಗಿತು, ಎಳೆಯ ಮಾಂಸ ಎಷ್ಟು ಮೃದು ಎಂದೆಲ್ಲ ವರ್ಣಿಸುತ್ತಾ ಹೋದೆ. ಒಮ್ಮೆಯೂ ತಿಂದವನಲ್ಲ, ವರ್ಣನೆಗೆ ಮಾತ್ರ ಕೊರತೆ ಇರಲಿಲ್ಲ.

ರೆಡ್ಡಿಗಾರ ಮುಖ ಅರಳಿತು.

"ಅದ್ಭುತಂ ಸಾರ್! ಇದನ್ನು ಮೊದಲೇ ಹೇಳಬಾರದಾ? ಊರಿಗೆ ಯಾಕೆ ಕಳಿಸಬೇಕು? ಅಸೋಸಿಯೇಷನ್ನೇ ಕೊಂಡುಕೊಳ್ಳಲಿ. ಮುಂದಿನ ಭಾನುವಾರ ಟೆರೇಸ್ ಮೇಲೆ ದಮ್ ಬಿರಿಯಾನಿ. ಫಾರ್ಮ್ ಫ್ರೆಶ್!"

"ಸೆಲ್ಲಾರ್ ಫ್ರೆಶ್" ಎಂದು ಯಾರೋ ತಿದ್ದಿದರು.

ಕೈಗಳು ಎದ್ದವು. ನೀರಿನ ಟ್ಯಾಂಕರ್ ವಿಷಯದಲ್ಲೂ ಕಾಣದ ಒಗ್ಗಟ್ಟು! ನಾನು ಮೂರನೆಯ ಹಾಳೆಯನ್ನು ಓದದೆಯೇ ಮಡಚಿ ಜೇಬಿಗೆ ಹಾಕಿದೆ.

ಲಿಫ್ಟಿನ ಬಳಿ ಪೊರಕೆ ಹಿಡಿದು ನಿಂತಿದ್ದ ಶರಣಮ್ಮ ಮುಂದೆ ಬಂದಳು. ಒಂದು ಕ್ಷಣ ನನ್ನನ್ನು ನೋಡಿದಳು. (ಆ ನೋಟವನ್ನು ಇಲ್ಲಿ ಅನುವಾದಿಸಲಾರೆ.) ಆಮೇಲೆ ರೆಡ್ಡಿಗಾರ ಕಡೆ ತಿರುಗಿದಳು.

"ಸಾಹೇಬ್ರ, ನೀವು ಮಟನ್ ಅಂಗಡಿಗೆ ಹೋದ್ರ ಮೊದಲ ಏನ್ ಕೇಳ್ತೀರಿ?"

ರೆಡ್ಡಿಗಾರು ಎದೆ ಉಬ್ಬಿಸಿದರು. "ಪೊಟ್ಟೇಲಾ, ಕಾದಾ ಅಂತ!"

ಈ ಊರಿನ ಮಾಂಸದಂಗಡಿಗಳ ಮೊದಲ ಪ್ರಶ್ನೆ ಅದು. ಪೊಟ್ಟೇಲು ಎಂದರೆ ಟಗರು, ಕಾದಾ ಎಂದರೆ ಅಲ್ಲವಾ. ತೂಗಿ ಹಾಕಿದ್ದು ಗಂಡೇ ಎಂದು ಖಾತ್ರಿಯಾಗದೆ ಬಲ್ಲವನು ಚೀಲ ಬಿಚ್ಚುವುದಿಲ್ಲ.

"ಹಂಗಾರ ಇದು ಹೆಣ್ಣೈತ್ರಿ. ಮ್ಯಾಲ ಗಬ್ಬ ಐತಿ. ಮೂರು ತಿಂಗಳಾತು."

ಎಲ್ಲರೂ ತಜ್ಞರ ಕಡೆ, ಅಂದರೆ ನನ್ನ ಕಡೆ, ತಿರುಗಿದರು. ತಜ್ಞರು ಮೂಲೆಯಲ್ಲಿ ನಿಂತಿದ್ದ ಆಡಿನ ಬಾಲವನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ಆ ಹೊಟ್ಟೆಯನ್ನು ನಾನೂ ನೋಡಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಎಲ್ಲರಂತೆ ಇದಕ್ಕೂ ವಾಕಿಂಗ್ ಸಾಲದು ಎಂದುಕೊಂಡಿದ್ದೆ.

ಶರಣಮ್ಮ ನಿಲ್ಲಿಸಲಿಲ್ಲ. "ಗಂಡ್ಮರಿ ಹುಟ್ಟಿದ್ರ ನಾನ ಮಾರ್ತೀನಿ. ತಿನ್ನೋರು ತಿನ್ಲಿ, ಅದಕ್ಕೇನ್ ನಾ ಅಳಾಂಗಿಲ್ಲ. ಹೆಣ್ಣ ಕೊಯ್ದ್ರ ಮುಂದಿನ ವರ್ಷ ಏನ್ ಕೊಯ್ತೀರ್ರಿ? ನನ್ನ ಕೈಯಾಗ ಏನ್ ಉಳೀತೈತಿ?"

ಓದುಗರೇ, ನನ್ನ ಮೂರನೆಯ ಹಾಳೆಯಲ್ಲಿದ್ದದ್ದು ಅದೇ! ಹಳೆಯ ಎಲುಬಿನ ರಾಶಿಯನ್ನು ಅಗೆದವರು, ಅದು ಬೇಟೆಯ ಕಾಲವೋ ಸಾಕಿದ ಕಾಲವೋ ಎಂದು ಹೇಗೆ ಹೇಳುತ್ತಾರೆ ಗೊತ್ತೆ? ರಾಶಿಯಲ್ಲಿ ಗಂಡುಗಳೆಲ್ಲ ಎಳೆಯವು, ಹೆಣ್ಣುಗಳೆಲ್ಲ ಮುದಿಯವು ಆಗಿದ್ದರೆ, ಅಲ್ಲಿ ಯಾರೋ ಸಾಕುತ್ತಿದ್ದರು ಎಂದರ್ಥ. ಬೇಟೆಗಾರ ಸಿಕ್ಕಿದ್ದನ್ನು ಹೊಡೆಯುತ್ತಾನೆ. ಸಾಕುವವಳು ನಾಳೆಯನ್ನು ಕಟ್ಟಿಹಾಕಿ, ಇವತ್ತಿನದನ್ನು ಮಾತ್ರ ಉಣ್ಣುತ್ತಾಳೆ. ನಮ್ಮ ಜನರಲ್ ಬಾಡಿ ಹತ್ತೇ ನಿಮಿಷದಲ್ಲಿ ಹತ್ತು ಸಾವಿರ ವರ್ಷ ಹಿಂದಕ್ಕೆ, ಸೀದಾ ಬೇಟೆಯ ಕಾಲಕ್ಕೆ ಹೋಗಿಬಿಟ್ಟಿತ್ತು. ವಾಪಸು ಕರೆತಂದದ್ದು ಶಾಲೆಯ ಮೆಟ್ಟಿಲು ಹತ್ತದ ಶರಣಮ್ಮ.

ರೆಡ್ಡಿಗಾರು ಕೆಮ್ಮಿದರು. ಎದ್ದ ಕೈಗಳು ಒಂದೊಂದಾಗಿ ತಲೆ ಕೆರೆದುಕೊಂಡು ಇಳಿದವು. ಬೋರ್‌ವೆಲ್ ಪಕ್ಕದ ಖಾಲಿ ಜಾಗ, ಗಟ್ಟಿ ಹಗ್ಗ, ದಿನಾ ಸ್ವಚ್ಛತೆ ಎಂದು ತೀರ್ಮಾನವಾಯಿತು. ಠರಾವು ಬರೆಯುವ ಭಾಗ್ಯ ನನ್ನದು: "ಆಡು ಇರತಕ್ಕದ್ದು. ಕಾರು ಹತ್ತತಕ್ಕದ್ದಲ್ಲ."

"ಮಗಪಿಲ್ಲ, ಅದೇ ಗಂಡುಮರಿ, ಆದರೆ ಮೊದಲು ನನಗೆ ಹೇಳಮ್ಮಾ" ಎಂದು ಪಿಸುಗುಟ್ಟಿ ರೆಡ್ಡಿಗಾರು ಲಿಫ್ಟ್ ಹತ್ತಿದರು. ಸಂಜೆಗೆ ಮೂರು ಮಹಡಿಗಳ ತರಕಾರಿ ಸಿಪ್ಪೆ ಬೋರ್‌ವೆಲ್ ಬಳಿ ಬಂದು ಬಿದ್ದಿತ್ತು. ಶರಣಮ್ಮ ಹಗ್ಗದ ಗಂಟನ್ನು ಎರಡೆರಡು ಸಲ ಜಗ್ಗಿ ನೋಡುತ್ತಿದ್ದಳು.

ಮೇಲೆ ಬಂದು ಹೆಂಡತಿಗೆ ಎಲ್ಲವನ್ನೂ ವರದಿ ಮಾಡಿದೆ. ಮಾನವ ಕುಲದ ಆ ಪುರಾತನ ಕಾನೂನನ್ನು ವಿಶೇಷವಾಗಿ ವಿವರಿಸಿದೆ. ಹೆಣ್ಣನ್ನು ಇಟ್ಟುಕೊಳ್ಳಬೇಕು, ಕೆಲಸಕ್ಕೆ ಬಾರದ ಗಂಡನ್ನು ಯಾರೂ ಮೇವು ಹಾಕಿ ಸಾಕುವುದಿಲ್ಲ.

ಅವಳು ಚವಳಿಕಾಯಿಯ ನಾರು ತೆಗೆಯುತ್ತಾ, ತಲೆ ಎತ್ತದೆ ಕೇಳಿದಳು:

"ಹಂಗಾದ್ರ, ರಿಟೈರಾದ ಗಂಡಸರನ್ನ ಮನ್ಯಾಗ ಇಟ್ಕೊಂಡು ಸಾಕೋ ಪದ್ಧತಿ ಯಾವ ಕಾಲಕ್ಕ ಸುರು ಆತ್ರಿ?"