ಗಡಿಗೆ ಬಡಿದು ಆರಿಸಿದ ಪಿಯಾನೊ

ಮಸ್ಕಿ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾನು ಬಣ್ಣ ನೋಡುವವಳಲ್ಲ, ಆಕಾರ ನೋಡುವವಳೂ ಅಲ್ಲ. ಎಡಗೈಯಲ್ಲಿ ಬಾಯಿ ಹಿಡಿದು ಎತ್ತುತ್ತೇನೆ, ಬಲಗೈ ಬೆರಳು ಮಡಚಿ ಅದರ ಹೊಟ್ಟೆಗೆ ಬಡಿಯುತ್ತೇನೆ. ಠಣ್ ಎಂದರೆ ನಮ್ಮ ಮನೆಗೆ ಬರುತ್ತದೆ. ಬದ್ ಎಂದರೆ ಅಲ್ಲೇ ಉಳಿಯುತ್ತದೆ. ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಶಾಲೆ ನನಗೆ ನಾಲ್ಕನೆಯ ತರಗತಿಗೇ ಮುಗಿಯಿತು. ಆಮೇಲೆ ಕಲಿತದ್ದೆಲ್ಲ ಅಕ್ಕನ ಬೆನ್ನಿಗೆ ಅಂಟಿಕೊಂಡು ತಿರುಗಿ ಕಲಿತದ್ದು.

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಪಿಯಾನೊವನ್ನೂ ನಾನು ಹೀಗೆಯೇ ಬಡಿದು ಆರಿಸಿದೆ. ಅದರಿಂದ ಆದದ್ದನ್ನು ನೆನೆದರೆ ಈಗಲೂ ಸೆರಗು ಮುಖಕ್ಕೆ ಎಳೆದುಕೊಳ್ಳಬೇಕೆನಿಸುತ್ತದೆ. ಸಿಟ್ಟಿನಲ್ಲಿ ಮಾಡಿದ್ದಾದರೆ ಸಿಟ್ಟಿನ ಮೇಲೆ ಹಾಕಿ ಪಾರಾಗಬಹುದಿತ್ತು. ನಾನು ಮಾಡಿದ್ದು ಖುಷಿಯಲ್ಲಿ.

ನಾನಿರುವುದು ಸಿಂಧನೂರಿನಲ್ಲಿ, ಮಗಳ ಮನೆಯಲ್ಲಿ. ಅಳಿಯನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಮೊಮ್ಮಗಳು ಈಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದವಳು. ಚಿಕ್ಕಂದಿನಲ್ಲಿ ಓಣಿಯ ಭಜನೆ ಮನೆಯಲ್ಲಿ ಹಾರ್ಮೋನಿಯಂ ಕಲಿತಳು. ಆಮೇಲೆ ಮದುವೆಯಲ್ಲಿ ಬಾರಿಸುವವರೊಬ್ಬರ ಹಳೆಯ ಕೀಬೋರ್ಡು ಮನೆಗೆ ಬಂತು. ಆ ಕೀಬೋರ್ಡಿಗೆ ತನ್ನದೆಂಬ ದನಿಯೇ ಇಲ್ಲ. ಒತ್ತಿದರೆ ಟಪ್ ಟಪ್ ಎನ್ನುತ್ತದೆ, ಅಷ್ಟೇ. ಅಂಗಡಿಯ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದರೆ ಅದಕ್ಕೆ ಜೀವ ಬರುತ್ತದೆ. ಹಗಲೆಲ್ಲ ಬೇರಿಂಗು, ಬೆಲ್ಟುಗಳ ಬಿಲ್ಲು ಮಾಡುವ ಯಂತ್ರ ಸಂಜೆ ಅಂಗಡಿ ಮುಚ್ಚಿದ ಮೇಲೆ ಪಿಯಾನೊ ಆಗುತ್ತದೆ. ಮೊದಲ ದಿನ ಅದನ್ನು ಕೇಳಿ ನಾನು ನೆರೆಮನೆಯವರನ್ನೆಲ್ಲ ಕೂಗಿ ಕರೆದಿದ್ದೆ.

ಹುಡುಗಿ ನನಗೆ ತಿಳಿಸಿ ಹೇಳಿದ್ದಳು. ಎಲ್ಲೋ ಒಂದು ನಿಜವಾದ ಪಿಯಾನೊ ಮುಂದೆ ಕುಳಿತು, ಅದರ ಬಿಳಿ-ಕರಿ ಪಟ್ಟಿಗಳ ಒಂದೊಂದು ಮನೆಯನ್ನೂ ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಆ ದನಿಗಳನ್ನೆಲ್ಲ ಹಿಡಿದು ಇದರಲ್ಲಿ ತುಂಬಿರುತ್ತಾರಂತೆ. ಅದಕ್ಕೇ ಒಂದೊಂದು ಪಿಯಾನೊವೂ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ತಿನ್ನುವುದು. ಅವಳು ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕವನ್ನೆಲ್ಲ ಇಳಿಸಿಕೊಂಡು ನೋಡುತ್ತಿದ್ದಳು. ಒಂದು ದಿನ ಅಳಿಯನ ಬಿಲ್ಲೇ ತೆರೆಯಲಿಲ್ಲ.

"ನಿನ್ನ ಪಿಯಾನೊಗಳು ನನ್ನ ಬಿಲ್ಲಿನ ಎದಿ ಮ್ಯಾಲೆ ಕುಂತಾವ ನೋಡವಾ. ಒಂದ್ ಇಟ್ಗೊ, ಉಳಿದವು ತಗಿ," ಎಂದ ಅಳಿಯ.

ಹೀಗಾಗಿ ಆರಿಸಲೇಬೇಕಾಯಿತು. ಅದಕ್ಕೊಂದು ಗಡುವೂ ಇತ್ತು. ನನ್ನ ಅಕ್ಕ ಇರುವುದು ಲಿಂಗಸುಗೂರಿನಲ್ಲಿ. ಅಲ್ಲಿನ ಮಠದಲ್ಲಿ ಹುಣ್ಣಿಮೆಗೊಮ್ಮೆ ಭಜನೆ. ಅಕ್ಕ ತತ್ವಪದ ಹಾಡುವವಳು. ಹಾರ್ಮೋನಿಯಂ ಪೆಟ್ಟಿಗೆ ನುಡಿಸುವ ಹಿರಿಯರ ಕೈ ನಡುಗತೊಡಗಿ ಅವರು ಬರುವುದು ನಿಂತಿತು. ಅಕ್ಕನ ದನಿಯೂ ಸಣ್ಣಗಾಗಿತ್ತು. ಅವಳೂ ಹಾಡು ಬಿಟ್ಟು, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬರುತ್ತಿದ್ದಳು. ನಾನೇ ಫೋನಿನಲ್ಲಿ ಬೆನ್ನು ಹತ್ತಿದೆ. "ಮೊಮ್ಮಗಳು ನುಡಸ್ತಾಳ, ನೀ ಹಾಡು," ಎಂದೆ. ಅವಳು, "ಆಕಿ ನುಡಿಸೋದಾದ್ರ ಒಂದ್ ಸರ್ತಿ ಹಾಡಿ ನೋಡ್ತೀನಿ. ಬರೋಬ್ಬರಿ ಆಗಲಿಲ್ಲಂದ್ರ ಮತ್ತ ನನ್ನ ಕರೀಬ್ಯಾಡ್ರಿ," ಎಂದಳು. ಹುಡುಗಿ ಫೋನು ಕಸಿದುಕೊಂಡು, "ದೊಡ್ಡಮ್ಮಾ, ಯಾವ ಮನಿ?" ಎಂದು ಕೇಳಿದಳು. "ಮೊದಲ ಕರಿ ಐದು ಇತ್ತವಾ. ಈಗ ಕರಿ ಮೂರಕ್ಕ ಇಳದೀನಿ," ಎಂದಳು ಅಕ್ಕ. ಪೆಟ್ಟಿಗೆಯ ಕರಿ ಮನೆಗಳನ್ನು ಎಣಿಸಿ ದನಿಯ ಎತ್ತರ ಹೇಳುವುದು ಹಾಡುವವರ ರೂಢಿ.

ಮೊಮ್ಮಗಳು ಜರಡಿ ಹಿಡಿದು ಎರಡಕ್ಕೆ ತಂದಿದ್ದಳು. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನೇ ಒಂದಕ್ಕೆ ಠಣ್, ಇನ್ನೊಂದಕ್ಕೆ ಬದ್ ಎಂದು ಹೆಸರಿಟ್ಟೆ. ಅವಳು ನನ್ನ ಕಿವಿಗಳಿಗೆ ಬಟ್ಟಲಿನಂಥವನ್ನು ಮುಚ್ಚಿ ಠಣ್ ನುಡಿಸಿದಳು. ಅಯ್ಯೋ, ಆ ದನಿಯೇ! ತಲೆಯೊಳಗೆ ದೀಪ ಹಚ್ಚಿಟ್ಟಂತೆ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಬದ್ ನುಡಿಸಿದಳು.

"ಯಮ್ಮಾ, ಖರೇ ಹೇಳು. ಯಾವ್ದು ಪಸಂದ ಆತು?" ನಮ್ಮಲ್ಲಿ ತಾಯಿ ಅವ್ವ, ಅಜ್ಜಿ ಅಮ್ಮ, ಅಜ್ಜಿಯ ಅಕ್ಕ ದೊಡ್ಡಮ್ಮ.

"ಠಣ್ ಅಂಬೋದು!"

"ಅದರ ಅವಾಜ್ ಜೋರೈತಿ ಬೇ, ಅದಕ್ಕ ನಿನಗ ಚಂದ ಅನಸಾಕತ್ತೈತಿ. ತಡಿ, ಎರಡೂ ಒಂದ ಅಳತಿಗೆ ಮಾಡ್ತೀನಿ."

ಮಾಡಿ ಮತ್ತೆ ನುಡಿಸಿದಳು. ನನ್ನದು ಮತ್ತೂ ಠಣ್.

"ಇನ್ನೊಂದು?"

"ಅದಕ್ಕ ನೆಗಡಿ ಆಗೇತಿ. ಮೂಗು ಕಟ್ಕೊಂಡು ಹಾಡಾಕತ್ತೈತಿ."

ಅವಳು ನಕ್ಕಳು. ನಕ್ಕರೂ ಬೆರಳು ಬದ್‌ನ ಮೇಲೆಯೇ ಇತ್ತು. "ಅದರ ತಂತಿಗೆ ಬಟ್ಟಿ ಹೊಚ್ಚಿ ನುಡಿಸ್ಯಾರ, ಯಮ್ಮಾ. ಹಾಡೋರ ಜೋಡಿ ಕುಂದ್ರಾಕ ಇದ ಚೊಲೊ ಅಂತ ನನಗ ಅನಸ್ತೈತಿ."

"ಬಟ್ಟಿ ಹೊಚ್ಕೊಂಡು ಮಲಗೋದಾದ್ರ ಲಿಂಗಸುಗೂರು ತನಕ ಯಾಕ ಹೋಗಬೇಕು? ನಿನ್ನ ಬೆರಳು ಊರೆಲ್ಲಾ ಕೇಳ್ಲಿ!"

ಹುಡುಗಿ ಪರದೆಯ ಮೇಲಿನ ಬಾಣವನ್ನು ಬದ್‌ನ ಹೆಸರಿಗೆ ತಂದಳು. ಆಮೇಲೆ ನನ್ನ ಕಡೆ ತಿರುಗಿ, "ತಗೀಲ್ಯಾ?" ಎಂದಳು. "ತಗಿ," ಎಂದೆ. ಬದ್ ಹೋಯಿತು. ಅಳಿಯನ ಬಿಲ್ಲುಗಳಿಗೆ ಉಸಿರು ಬಂತು.

ಹುಣ್ಣಿಮೆಯ ದಿನ ನಾವಿಬ್ಬರೂ ಬಸ್ಸು ಹತ್ತಿದೆವು. ಕೀಬೋರ್ಡು ಅವಳ ಕಾಲ ಬಳಿ, ಲ್ಯಾಪ್‌ಟಾಪು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ. ಪಕ್ಕದಲ್ಲಿ ಗುರುಗುಂಟಾಕ್ಕೆ ಹೊರಟ ಒಬ್ಬಾಕೆ ಕುಳಿತಿದ್ದಳು.

"ಏನ್ ಬೇ, ಕೂಸು ಮಲಗೈತೇನು?"

"ಪಿಯಾನೊ ಐತ್ರಿ ಇದರಾಗ."

"ಇಷ್ಟ ತೆಳ್ಳಗ?"

"ಒಳಗ ದೊಡ್ಡದು ಐತ್ರಿ. ನಮ್ಮ ಮೊಮ್ಮಗಳು ನುಡಸ್ತಾಳ."

"ಯಮ್ಮಾ, ಸುಮ್ನಿರು ಬೇ," ಎಂದು ಹುಡುಗಿ ಕಿಟಕಿ ಕಡೆ ಮುಖ ಮಾಡಿದಳು. ನಾನು ಸುಮ್ಮನಿರಲಿಲ್ಲ. ಮಸ್ಕಿ ಬರುವುದರೊಳಗೆ ಮುಂದಿನ ಸೀಟಿನವರಿಗೂ ಗೊತ್ತಾಗಿತ್ತು, ಕಂಡಕ್ಟರಿಗೂ ಗೊತ್ತಾಗಿತ್ತು.

ಮಠದಲ್ಲಿ ಮುಂದಿನ ಸಾಲಿನ ನಟ್ಟನಡುವೆ ಹೋಗಿ ಕುಳಿತೆ. ಅಕ್ಕ ಹಣೆ ತುಂಬ ವಿಭೂತಿ ಹಚ್ಚಿ, ಮೈಕಿನ ಮುಂದೆ ಕೈ ಕಟ್ಟಿ ಕುಳಿತಿದ್ದಳು. ಅವಳು ಎತ್ತಿದ್ದು ನಮ್ಮ ಅವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದ. ದೀಪಕ್ಕೆ ಎಣ್ಣೆ ಹಾಕುವವರು ಯಾರೆಂದು ಕೇಳುತ್ತ ಹೋಗುವ ಪದ ಅದು. ಎಣ್ಣೆ ಹಾಕಿದವರ ಹೆಸರು ಕೊನೆಯ ನುಡಿಯಲ್ಲಿ ಬರುತ್ತದೆ. ಮೊದಲ ಸಾಲು ಕೇಳಿದ್ದು ನೆನಪಿದೆ. ಆಮೇಲೆ ಹುಡುಗಿಯ ಬೆರಳು ಇಳಿದವು. ಠಣ್! ಲ್ಯಾಪ್‌ಟಾಪಿನ ದನಿ ಮಠದ ಸ್ಪೀಕರಿಗೆ ಸೇರಿ ಕಂಬಗಳೆಲ್ಲ ಮೊಳಗಿದವು. ಹಿಂದೆ ತಿರುಗಿ, "ನನ್ನ ಮೊಮ್ಮಗಳ್ರೀ," ಎಂದೆ. ಈ ಬದಿಗೂ ಹೇಳಿದೆ, ಆ ಬದಿಗೂ ಹೇಳಿದೆ. ನಡುವೆ ಹುಡುಗಿ ದನಿ ತಗ್ಗಿಸಿದಳು, ಅಕ್ಕನ ಕಡೆ ನೋಡುತ್ತ ಮೆಲ್ಲಗೆ ಒತ್ತತೊಡಗಿದಳು. ಅವಳಿಗೆ ಅಂಜಿಕೆ ಬಂತೆಂದು ನಾನು ತಿಳಿದೆ. ಕೆಳಗಿನಿಂದಲೇ ಕೈ ಎತ್ತಿ ಎತ್ತಿ ಸನ್ನೆ ಮಾಡಿದೆ: ಜೋರು, ಇನ್ನೂ ಜೋರು! ಹುಡುಗಿ ನನ್ನ ಮಾತು ಮೀರುವವಳಲ್ಲ. ಜೋರು ಮಾಡಿದಳು. ನಾನು ಅತ್ತೆ, ನಕ್ಕೆ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ.

ಪ್ರಸಾದಕ್ಕೆ ಕುಳಿತಾಗ ಅಕ್ಕ ನನ್ನ ಪಕ್ಕ, ಹುಡುಗಿ ನಮ್ಮೆದುರು.

"ಅಕ್ಕಾ, ಬಾಳ ಚಂದ ಹಾಡಿದಿ. ಆ ಕೊನಿ ನುಡಿ ಅಂತೂ ಮೈ ಜುಂ ಅಂತು!"

ಅಕ್ಕ ಅನ್ನಕ್ಕೆ ಸಾರು ಕಲಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೊನಿ ನುಡಿ ನಾ ಹಾಡ್ಲೇ ಇಲ್ಲವಾ, ತಂಗಿ."

ನನಗೆ ತಿಳಿಯಲಿಲ್ಲ.

"ಎರಡನೇ ನುಡಿಯಾಗ ನನ್ನ ದನಿ ನನಗ ಕೇಳದಂಗಾತು. ಆಮ್ಯಾಲ ಬಾಯಿ ಅಷ್ಟ ಆಡಿಸ್ದೆ. ಕೂಸು ನುಡಿಸಾಕತ್ತಿತ್ತಲ್ಲ, ನಡುವ ನಿಂದ್ರಸಬಾರದು ಅಂತ." ತುತ್ತು ಬಾಯಿಗಿಟ್ಟು ನುಂಗಿ, "ನೀ ಎದರಿಗೇ ಕುಂತಿದ್ದಿ. ನಿನಗ ಗೊತ್ತಾಗೇತಿ ಅಂದ್ಕೊಂಡಿದ್ದೆ," ಎಂದಳು.

ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎದುರಿಗೆ ಹುಡುಗಿಯ ಕೈ ಎಲೆಯ ಮೇಲೆಯೇ ನಿಂತಿತ್ತು. ಇಡೀ ಮಠದಲ್ಲಿ ಅಕ್ಕನ ಹಾಡು ಕೇಳಲೆಂದೇ ಬಂದವಳು ಯಾರಾದರೂ ಇದ್ದರೆ ಅದು ನಾನಾಗಿರಬೇಕಿತ್ತು. ಅವ್ವನ ಪದ ಅದು. ಕೊನೆಯ ನುಡಿ ಬಂತೋ ಇಲ್ಲವೋ ನನಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು? ಅದರ ಮೇಲೆ ಮೈ ಜುಂ ಎಂದಿತೆಂದು ಬೇರೆ ಹೇಳಿದ್ದೆ. ಪ್ರಸಾದ ಬಿಡಬಾರದೆಂದು ಎಲೆಯ ಅನ್ನವನ್ನೆಲ್ಲ ನೀರು ಕುಡಿದು ಇಳಿಸಿದೆ.

ಮರುದಿನ ಬಸ್ಸಿನಲ್ಲಿ ಹುಡುಗಿ, "ನಾ ದೊಡ್ಡಮ್ಮನ ಮುಖ ನೋಡಿದ್ನಿ, ಯಮ್ಮಾ. ಗೊತ್ತಾಗಿತ್ತು ನನಗ," ಎಂದಷ್ಟೇ ಹೇಳಿದಳು. ನನ್ನ ಸನ್ನೆಯ ಮಾತು ಎತ್ತಲಿಲ್ಲ. ಅವಳು ಎತ್ತದೆ ಬಿಟ್ಟದ್ದು ಸಿಂಧನೂರು ಬರುವವರೆಗೂ ನನ್ನ ಮಡಿಲಲ್ಲಿ ಲ್ಯಾಪ್‌ಟಾಪಿನ ಜೊತೆಗೇ ಕುಳಿತಿತ್ತು.

ಮನೆಗೆ ಬಂದವಳೇ ಬದ್ ಅನ್ನು ಮತ್ತೆ ಇಳಿಸಲು ಹಚ್ಚಿದಳು. ಅಳಿಯ ಏನೋ ಅನ್ನಲು ಬಾಯಿ ತೆರೆದ. ನನ್ನ ಮುಖ ನೋಡಿ, ತನ್ನ ಹಳೆಯ ಬಿಲ್ಲುಗಳನ್ನು ಬೇರೆ ಕಡೆ ಸಾಗಿಸಿ ಜಾಗ ಮಾಡಿಕೊಟ್ಟ. ಆದರೆ ಅಕ್ಕನಿಗೆ ಫೋನು ಮಾಡಿದರೆ, "ಸಾಕವಾ ನನಗ," ಎಂದಳು. ಎರಡನೆಯ ಸಲ ಎತ್ತಲೇ ಇಲ್ಲ.

ಹಾಗಾಗಿ ನಾನೇ ಹೋದೆ, ಒಬ್ಬಳೇ. ಬಸ್ಸಿನಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಅಕ್ಕ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ನಾನೂ ಮೊರ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ.

"ಗಡಿಗಿ ಬಡದಂಗ ಬಡದು ಆರಿಸಿದೆ ಅಕ್ಕಾ. ಠಣ್ ಅಂತು, ತಗೊಂಡೆ," ಎಂದೆ.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ನಗೆಯಿಂದ ಕುಲುಕತೊಡಗಿತು. "ಏ ಹುಚ್ಚಿ! ಖಾಲಿ ಗಡಿಗಿ ಬಡದು ನೋಡು ಅಂತ ಕಲಿಸಿದ್ನಿ. ನೀರು ತುಂಬಿದ ಮ್ಯಾಲ ಯಾವ ಗಡಿಗಿ ಠಣ್ ಅಂತೈತಿ?"

ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಖಾಲಿ ಪಿಯಾನೊ ಕೇಳಿ ಕುಣಿದಾಡಿದ್ದೆ ನಾನು. ಅದರಲ್ಲಿ ತುಂಬಬೇಕಾದ ನೀರು ಇಲ್ಲಿ ಅಂಗಳದಲ್ಲಿ ಕುಳಿತು ಸಜ್ಜೆ ಆರಿಸುತ್ತಿತ್ತು.

"ಬರ್ತೀನಿ ನಡಿ," ಎಂದಳು ಅಕ್ಕ. "ಆದ್ರ ನೀ ನನ್ನ ಮುಂದ ಕುಂದ್ರಬಾರದು."

ಸಿಂಧನೂರಿನ ಮನೆಯಲ್ಲಿ ಹುಡುಗಿ ನನ್ನನ್ನು ಅಡುಗೆ ಮನೆಗೆ ಅಟ್ಟಿದಳು. "ನೀ ಪಿಯಾನೊ ಕೇಳಬ್ಯಾಡ, ಯಮ್ಮಾ. ದೊಡ್ಡಮ್ಮ ಏನೇನ್ ಹಾಡಿದ್ರು ಅಂತ ಅಲ್ಲಿಂದ ಹೇಳು. ಅಷ್ಟ ನಿನ್ನ ಕೆಲಸ."

ಒಲೆ ಆರಿಸಿ ಕುಳಿತೆ. ಮೊದಲು ಠಣ್. ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು, ಉಳಿದದ್ದು ಮೊಳಗಿನಲ್ಲಿ ಹೋಯಿತು. ಆಮೇಲೆ ಬದ್. ಮೊದಲಿಗೆ ಹುಡುಗಿ ನುಡಿಸುತ್ತಲೇ ಇಲ್ಲವೆಂದುಕೊಂಡೆ. ಅಕ್ಕ ಒಬ್ಬಳೇ ಹಾಡುತ್ತಿದ್ದಂತಿತ್ತು. ಅವಳು ಉಸಿರು ಎಳೆದುಕೊಂಡದ್ದೂ ಕೇಳಿತು. ದನಿ ಎಲ್ಲಿ ಸೋಲಬೇಕಿತ್ತೋ ಅಲ್ಲಿ ಕೆಳಗಿನಿಂದ ಏನೋ ಬಂದು ಆತುಕೊಂಡಿತು. ಗುಡ್ಡ ಹತ್ತುವ ಮುದುಕಿಯ ಮೊಣಕೈಗೆ ಯಾರೋ ಕೈ ಕೊಟ್ಟ ಹಾಗೆ. ಆಗ ತಿಳಿಯಿತು, ಹುಡುಗಿ ಅಲ್ಲೇ ಇದ್ದಾಳೆಂದು. ಅಷ್ಟು ಚೆಂದ ಅವಳು ನುಡಿಸಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಓಣಿಗೆ ಓಡಿ ಹೋಗಿ ಕೂಗಬೇಕೆನಿಸಿತು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೇಳಿದೆ.

"ಯಾವ್ದು, ಯಮ್ಮಾ?" ಎಂದು ಕೂಗಿದಳು.

"ನೀ ಮೊದಲ ಹೇಳಿದ್ದ," ಎಂದೆ.

ಮುಂದಿನ ಹುಣ್ಣಿಮೆಗೆ ಮಠದಲ್ಲಿ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕುಳಿತೆ. ಪಕ್ಕದವರು, "ಪೆಟಗಿ ಯಾರು ನುಡಿಸಾಕತ್ತಾರ್ರಿ?" ಎಂದು ಕೇಳಿದರು. ನನ್ನ ಮೊಮ್ಮಗಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಲೆ ಅಲ್ಲಾಡಿಸಿ, ಬಾಯಿಯ ಮೇಲೆ ಬೆರಳಿಟ್ಟು, ಅಕ್ಕನ ಕಡೆ ತೋರಿಸಿದೆ.

ಪ್ರಸಾದಕ್ಕೆ ಕುಳಿತಾಗ ಅಕ್ಕ ನನ್ನ ಕಡೆ ನೋಡದೆಯೇ ಕೇಳಿದಳು.

"ಕೊನಿ ನುಡಿ ಹೆಂಗಾತು?"

ಹೇಳಲೋ ಬೇಡವೋ ಎಂದು ಅನುಮಾನಿಸಿದೆ. "ಎಣ್ಣಿ ಹಾಕಿದಾಕಿ ಹೆಸರು ಬರೋಕಿಂತ ಮೊದಲ ಒಂದ್ ಮಾತು ಬಿಟ್ಟಿ," ಎಂದೆ.

ಅಕ್ಕ ತುತ್ತು ಕೈಯಲ್ಲಿ ಹಿಡಿದೇ ನಕ್ಕಳು. "ಹೌದವಾ, ಬಿಟ್ಟೆ," ಎಂದಳು. ಎಂದು, ತನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕಿದಳು.