ಸ್ವಿಸ್ ದೊರೆಯ ಮರಿಮೊಮ್ಮಗ

ಅತ್ತಿಗುಪ್ಪೆಯ ಚನ್ನಕೇಶವನಿಗೆ ಅರವತ್ತೆಂಟು ವರ್ಷ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಲೇಥ್ ಮುಂದೆ ನಿಂತು ನಿವೃತ್ತನಾದವನು. ಒಕ್ಕಲು ಮನೆತನ, ಕಪ್ಪು ಮೈ, ಕಣ್ಣು ಮಾತ್ರ ಬೂದು. ಅಪ್ಪನದೂ ಹಾಗೇ, ತಾತನದೂ ಹಾಗೇ. ಹುಟ್ಟೂರು ಹೇರೋಹಳ್ಳಿಯಲ್ಲಿ ಇವರದು ಬೆಕ್ಕಿನ ಕಣ್ಣೋರ ಮನೆ. ಬೇಲಿ ಜಗಳ ಬಂದರೂ ಸಾಕು, "ಯಾವ ಬಿಳಿ ದೊರೆಗೆ ಹುಟ್ಟಿದ ವಂಶನೋ ನಿಮ್ದು?" ಅಂತ ಮುಖಕ್ಕೇ ಅಂದುಬಿಡುತ್ತಿದ್ದರು. ಆ ಬಾಯಿಗಳಿಗೆ ಮಣ್ಣು ಹಾಕ! ಅಪ್ಪ ಸಾಯುವವರೆಗೂ ಅದನ್ನು ನುಂಗಿಕೊಂಡೇ ಬದುಕಿದ.

ನಿವೃತ್ತನಾದ ಮೇಲೆ ಚನ್ನಕೇಶವ ಹಟ ಹಿಡಿದ. ಆ ದೊರೆ ತಾತನನ್ನು ಹೆತ್ತ ಮುತ್ತಜ್ಜಿಯ ಕೈಹಿಡಿದನೋ, ಕೆಡಿಸಿ ಬಿಟ್ಟನೋ? ಇದೊಂದು ತಿಳಿಯದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹಳೇ ದಾಖಲೆಗಳ ಕಚೇರಿ, ಸಮಾಧಿಗಳು, ಮಗಳು ಅನಘಾಳ ಲ್ಯಾಪ್‌ಟಾಪ್ ಅಂತ ಎಂಟು ವರ್ಷ ಒದ್ದಾಡಿ ಕೊನೆಗೂ ಆಸಾಮಿಯನ್ನು ಹಿಡಿದ. ಯೋಹಾನ್ ಏಬಿ. ಸ್ವಿಟ್ಜರ್ಲೆಂಡಿನ ಹಳ್ಳಿಯವನು. ೧೮೯೧ರಲ್ಲಿ ಕೆಂಗೇರಿ ಹತ್ತಿರದ ರೇಷ್ಮೆ ನೂಲಿನ ಶೆಡ್ಡಿಗೆ ಮೇಸ್ತ್ರಿಯಾಗಿ ಬಂದವನು. ಅವನು ಹುಟ್ಟಿದ ತಾರೀಖು, ಅವನಪ್ಪನ ಕಸುಬು, ಹತ್ತಿ ಬಂದ ಹಡಗು ಎಲ್ಲವೂ ಚನ್ನಕೇಶವನಿಗೆ ಬಾಯಿಪಾಠ.

ಹುಡುಕುತ್ತಿದ್ದ ಆ ದಿನಗಳಲ್ಲಿ, ಹೇರೋಹಳ್ಳಿಯಲ್ಲೇ ಉಳಿದ ಸೋದರತ್ತೆ ಯಶೋದಮ್ಮನ ಹತ್ತಿರ ಹೋದಾಗಲೂ ಅದೇ ಜಪ. ದೊರೆ ನೋಡೋಕೆ ಹೆಂಗಿದ್ನಂತೆ? ಎಲ್ಲಿದ್ನಂತೆ?

"ಅವನ ಸುದ್ದಿ ನಂಗೇನು ಗೊತ್ತೋ? ನಮ್ಮಜ್ಜಿ ಸುದ್ದಿ ಹೇಳ್ತೀನಿ ಕೂತ್ಕೊ. ನನ್ನ ಸಾಕ್ದೋಳೇ ಅವಳು ಕಣೋ."

"ಆಮೇಲೆ ಅತ್ತೆ. ಮೊದ್ಲು ಈ ಯಪ್ಪ ಸಿಗ್ಲಿ."

ಆ 'ಆಮೇಲೆ' ಬರಲೇ ಇಲ್ಲ. ಮುತ್ತಜ್ಜಿ ಎಲ್ಲರ ಬಾಯಲ್ಲೂ ಬರೀ ಅಜ್ಜಿ. ಆಕೆಗೊಂದು ಹೆಸರಿದ್ದೀತು ಅಂತ ಈ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ. ಹೋದ ದೀಪಾವಳಿಗೆ ಯಶೋದಮ್ಮನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು.

ಮೊನ್ನೆ ಏಬಿಯ ಊರಿನ ದಾಖಲೆ ಕಚೇರಿಯಿಂದ ಮೇಲ್ ಬಂತು. ಅವನು ತಮ್ಮನಿಗೆ ಬರೆದ ಎರಡು ಕಾಗದ ಸಿಕ್ಕಿದ್ದವು. ಅನಘಾ ಓದಿ ಹೇಳಿದಳು. ಮೊದಲನೆಯದರಲ್ಲಿ, 'ಪುಟ್ಟಮ್ಮನನ್ನು ಮದುವೆಯಾದೆ, ಗಂಡು ಮಗು ಹುಟ್ಟಿದೆ' ಅಂತಿತ್ತು. ಎರಡನೆಯದರಲ್ಲಿ, 'ಶೆಡ್ಡಿನ ನಿಂಗಿ ನನ್ನಿಂದ ಬಸುರಾಗಿದ್ದಾಳೆ, ಅವಳನ್ನು ಊರಿಗೆ ಓಡಿಸಿಬಿಟ್ಟೆ' ಅಂತ. ಇವರಿಬ್ಬರಲ್ಲಿ ನಿಮ್ಮ ಮುತ್ತಜ್ಜಿ ಯಾರು ಅಂತ ಕಚೇರಿಯವರು ಕೇಳಿದ್ದರು.

ಚನ್ನಕೇಶವ ಚಪ್ಪಲಿ ಮೆಟ್ಟಿದವನೇ ಆಟೋ ಹಿಡಿದ. ಹೇರೋಹಳ್ಳಿಯ ರಸ್ತೆ ಅಗೆದಿದ್ದರಿಂದ ಕೊನೆಯ ಅರ್ಧ ಮೈಲಿ ನಡೆದೇ ಹೋದ.

"ಅತ್ತೆ, ನಿಮ್ಮನ್ನ ಸಾಕಿದ ಅಜ್ಜಿ ಇದ್ರಲ್ಲ, ಅವ್ರ ಹೆಸರೇನು?"

ಮಂಚದಲ್ಲಿದ್ದ ಯಶೋದಮ್ಮನ ಮುಖ ಅರಳಿತು. ತುಟಿ ಒಂದು ಕಡೆಗೆ ಎಳೆಯಿತು, ಗಂಟಲು ಗೊರಗೊರ ಅಂದಿತು. ಸ್ವಾಧೀನವಿದ್ದ ಕೈಯಿಂದ ಮಂಚ ಬಡಿದಳು.

"ಆಯಾಸ ಮಾಡ್ಕೋಬೇಡಿ. ನಾನೇ ಹೇಳ್ತೀನಿ, ಹೌದಾದ್ರೆ ಹೂಂ ಅನ್ನಿ. ಪುಟ್ಟಮ್ಮ ಅಂತಲಾ?"

"ಹೂಂ."

ಚನ್ನಕೇಶವನ ಕಣ್ಣು ತುಂಬಿ ಬಂತು. ಅಪ್ಪ ಇದ್ದಿದ್ದರೆ! ಅಲ್ಲಿಗೇ ಎದ್ದು ಬಂದಿದ್ದರೆ ಇವನು ಸುಖವಾಗಿರುತ್ತಿದ್ದ. ಆದರೆ ಲೇಥ್ ಮುಂದೆ ಒಂದೊಂದು ಪೀಸನ್ನೂ ಎರಡೆರಡು ಸಲ ಅಳೆದು ಬದುಕಿದವನು ನೋಡಿ, ಮನಸ್ಸು ಕೇಳಲಿಲ್ಲ.

"ನಿಂಗಿ ಅಂತಲಾ?"

"ಹೂಂ."

ಪರೀಕ್ಷಿಸಲೆಂದು ಮಗಳ ಹೆಸರನ್ನೇ ಎತ್ತಿದ.

"ಅತ್ತೆ... ಅನಘಾ ಅಂತಲಾ?"

"ಹೂಂ" ಅಂದಳು ಯಶೋದಮ್ಮ. ಕೊನೆಗೂ ಅಜ್ಜಿಯ ಸುದ್ದಿ ಕೇಳಲು ಬಂದನಲ್ಲ ಎಂಬ ಸಂತೋಷಕ್ಕೋ ಏನೋ, ಅವನ ಕೈ ಹಿಡಿದುಕೊಂಡು ಹೂಂ, ಹೂಂ ಅನ್ನುತ್ತಲೇ ಇದ್ದಳು.

ಚನ್ನಕೇಶವ ಮಂಚದ ಅಂಚಿಗೆ ಹಣೆ ಒತ್ತಿ ಗೊಳೋ ಎಂದು ಅತ್ತ. ಅತ್ತು ಅತ್ತು ಸಾಕಾದ ಮೇಲೆ ಅಂಗಳಕ್ಕೆ ಬಂದು ಮಗಳಿಗೆ ಫೋನ್ ಮಾಡಿದ.

"ಯಾರು ಅಂತ ಬರೀಲಿ ಅಪ್ಪ?" ಅಂದಳು ಅನಘಾ.

"ಗೊತ್ತಿಲ್ಲ ಅಂತ ಬರಿ ಮಗಳೇ. ಗೊತ್ತಿದ್ದೋರು ಹೇಳ್ತೀನಿ ಅಂದಾಗ ನಾನು ಕೂತ್ಕೊಳ್ಳಿಲ್ಲ."